ಇಕ್ಕಟ್ಟು (ಸಣ್ಣ ಉದ್ಯಮ)

ಇಕ್ಕಟ್ಟು ಎಂಬುದು ಒಂದು ಉದ್ಯಮದ ಕೆಲಸಗಳ ಸರಣಿಯಲ್ಲಿ ಅತ್ಯಂತ ಕಡಿಮೆ ಸಾಮರ್ಥ್ಯವುಳ್ಳ, ಆ ಕಾರಣದಿಂದ ಇಡೀ ಉದ್ಯಮದ ಉತ್ಪತ್ತಿಯ ಮಿತಿಯನ್ನು ನಿರ್ಧರಿಸುವ ಹಂತವಾಗಿದೆ. ಇದನ್ನು ಅಡಚಣೆಯ ಹಂತ, ನಿರ್ಬಂಧಕ ಹಂತ ಎಂದೂ, ಬಳಕೆಯ ಮಾತಿನಲ್ಲಿ ಬಾಟಲ್‌ನೆಕ್ ಎಂದೂ ಕರೆಯುತ್ತಾರೆ. ಕೆರೆಯಲ್ಲಿ ಎಷ್ಟೇ ನೀರಿದ್ದರೂ ಗದ್ದೆಗೆ ಹರಿಯುವುದು ತೂಬು ಬಿಟ್ಟಷ್ಟೇ. ಏರಿಯನ್ನು ಎತ್ತರಿಸಿದರೂ, ಕಾಲುವೆಯನ್ನು ಅಗಲಿಸಿದರೂ ತೂಬು ಹಾಗೆಯೇ ಉಳಿದಿದ್ದರೆ ಗದ್ದೆಗೆ ಹೆಚ್ಚಿನ ನೀರು ತಲುಪುವುದಿಲ್ಲ. ಸಣ್ಣ ಉದ್ಯಮದಲ್ಲಿ ಬಂಡವಾಳ ಅಲ್ಪವಾಗಿರುವುದರಿಂದ, ಆ ತೂಬು ಯಾವುದೆಂದು ತಿಳಿಯದೆ ಹಣ ತೊಡಗಿಸುವುದು ಕೆಲವೊಮ್ಮೆ ಉದ್ಯಮವನ್ನೇ ಮುಳುಗಿಸುತ್ತದೆ.

ಈ ಲೇಖನವು ಪರಿಕಲ್ಪನೆಯನ್ನು ಮುಖ್ಯವಾಗಿ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕೊಬ್ಬರಿ ಕಸುಬಿನ ನಿದರ್ಶನದಿಂದ ವಿವರಿಸುತ್ತದೆ.

ಪರಿಕಲ್ಪನೆಯ ಹಿನ್ನೆಲೆ

ಅತ್ಯಂತ ಕೊರತೆಯಿರುವ ಅಂಶವೇ ಫಲದ ಪ್ರಮಾಣವನ್ನು ನಿರ್ಧರಿಸುತ್ತದೆ ಎಂಬ ವಿಚಾರ ಮೊದಲು ಪ್ರಸಿದ್ಧವಾದುದು ಕೃಷಿ ವಿಜ್ಞಾನದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಮತ್ತು ಯುಸ್ಟಸ್ ಫಾನ್ ಲೀಬಿಗ್ ಅವರು, ಬೆಳೆಯ ಬೆಳವಣಿಗೆಯು ಮಣ್ಣಿನಲ್ಲಿರುವ ಪೋಷಕಾಂಶಗಳ ಒಟ್ಟು ಮೊತ್ತವನ್ನಲ್ಲ, ಅಗತ್ಯಕ್ಕೆ ಹೋಲಿಸಿದರೆ ಅತ್ಯಂತ ಕಡಿಮೆ ಇರುವ ಪೋಷಕಾಂಶವನ್ನು ಅವಲಂಬಿಸಿದೆ ಎಂದು ಪ್ರತಿಪಾದಿಸಿದರು. ಪೊಟ್ಯಾಷ್ ಕೊರತೆಯಿರುವ ತೋಟಕ್ಕೆ ಯೂರಿಯಾವನ್ನೇ ಸುರಿದರೆ ಏನಾಗುತ್ತದೆ ಎಂಬುದು ತೆಂಗು ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಉದ್ಯಮ ನಿರ್ವಹಣೆಯಲ್ಲಿ ಇದಕ್ಕೆ ಪ್ರತ್ಯೇಕ ಸಿದ್ಧಾಂತದ ರೂಪ ಕೊಟ್ಟವರು ಇಸ್ರೇಲಿನ ಭೌತವಿಜ್ಞಾನಿ ಎಲಿಯಾಹು ಗೋಲ್ಡ್‌ರಾಟ್ (1947–2011). ಜೆಫ್ ಕಾಕ್ಸ್ ಅವರೊಡನೆ ಬರೆದು 1984ರಲ್ಲಿ ಪ್ರಕಟಿಸಿದ 'ದಿ ಗೋಲ್' ಎಂಬ ಕಾದಂಬರಿಯಲ್ಲಿ ಅವರು, ಮುಚ್ಚುವ ಸ್ಥಿತಿಗೆ ಬಂದ ಕಾರ್ಖಾನೆಯೊಂದರ ಕಥೆಯ ಮೂಲಕ ವಿಷಯವನ್ನು ನಿರೂಪಿಸಿದರು. ಅದರಲ್ಲಿ ಸ್ಕೌಟ್ ಬಾಲಕರು ಸಾಲಾಗಿ ನಡೆದುಹೋಗುವ ಒಂದು ಪ್ರಸಂಗವಿದೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವ ಹುಡುಗನ ವೇಗವೇ ತಂಡವು ಗುರಿ ಮುಟ್ಟುವ ವೇಗವಾಗುತ್ತದೆ. ಅವನನ್ನು ಸಾಲಿನ ಮುಂದೆ ನಿಲ್ಲಿಸಿ, ಅವನ ಚೀಲದ ಭಾರವನ್ನು ಉಳಿದವರು ಹಂಚಿಕೊಂಡಾಗ ತಂಡ ಚದುರದೆ ಬೇಗ ಸಾಗುತ್ತದೆ.

ಗೋಲ್ಡ್‌ರಾಟ್ ಸೂಚಿಸಿದ ಕ್ರಮದಲ್ಲಿ ಐದು ಹೆಜ್ಜೆಗಳಿವೆ: ಇಕ್ಕಟ್ಟನ್ನು ಗುರುತಿಸುವುದು, ಇರುವ ಸಾಮರ್ಥ್ಯವನ್ನೇ ಪೂರ್ಣವಾಗಿ ಬಳಸುವುದು, ಉಳಿದ ಹಂತಗಳ ವೇಗವನ್ನು ಅದಕ್ಕೆ ಹೊಂದಿಸುವುದು, ಆಮೇಲೆ ಹಣ ವೆಚ್ಚ ಮಾಡಿ ಅದರ ಸಾಮರ್ಥ್ಯವನ್ನು ಹೆಚ್ಚಿಸುವುದು, ಇಕ್ಕಟ್ಟು ಬೇರೆಡೆಗೆ ಸರಿದಾಗ ಮತ್ತೆ ಮೊದಲಿನಿಂದ ಆರಂಭಿಸುವುದು. ಹಣ ವೆಚ್ಚ ಮಾಡುವುದು ನಾಲ್ಕನೆಯ ಹೆಜ್ಜೆ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ರೂಢಿಯಲ್ಲಿ ಅದೇ ಮೊದಲನೆಯದಾಗಿರುತ್ತದೆ.

ಉಂಡೆ ಕೊಬ್ಬರಿಯ ಕಸುಬು

ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೊನ್ನವಳ್ಳಿಯು ಹಿಂದೆ ತಾಲ್ಲೂಕು ಕೇಂದ್ರವೂ ಆಗಿತ್ತು. ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿ ಈ ಸೀಮೆಯ 'ಗಂಗಾಪಾನಿ' ಎಂಬ, ನೀರಿನ ರುಚಿಗೆ ಹೆಸರಾದ ತೆಂಗಿನ ಉಲ್ಲೇಖವಿದೆ. ಇಂದು ಈ ಪ್ರದೇಶಕ್ಕೆ ಹೆಸರು ತಂದಿರುವುದು ನೀರು ಬತ್ತಿದ ಕಾಯಿ, ಅಂದರೆ ಉಂಡೆ ಕೊಬ್ಬರಿ. ಆಡುಮಾತಿನಲ್ಲಿ ಇದನ್ನು ಗಿಟುಕು ಎನ್ನುವುದುಂಟು. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯು ಉಂಡೆ ಕೊಬ್ಬರಿಗೆ ದೇಶದಲ್ಲೇ ಪ್ರಮುಖವಾದುದು. ಇಲ್ಲಿನ ಕೊಬ್ಬರಿಯ ಹೆಚ್ಚಿನ ಭಾಗ ಉತ್ತರ ಭಾರತದ ರಾಜ್ಯಗಳಿಗೆ ಹೋಗುತ್ತದೆ. ಅಲ್ಲಿ ಅದು ಒಣಹಣ್ಣುಗಳ ಸಾಲಿಗೆ ಸೇರಿ ಪೂಜೆ, ಮದುವೆ, ಹಬ್ಬಗಳಲ್ಲಿ ಬಳಕೆಯಾಗುತ್ತದೆ.

ಕೇರಳದಲ್ಲಿ ಎಣ್ಣೆಗಾಗಿ ಕಾಯಿಯನ್ನು ಎರಡು ಹೋಳು ಮಾಡಿ ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ಉಂಡೆ ಕೊಬ್ಬರಿಯ ಕ್ರಮ ಬೇರೆ. ಪೂರ್ಣ ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹರಡಿ ಸುಮಾರು ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಗಾಳಿಯಾಡುವಂತೆ ಸಂದುಬಿಟ್ಟು ಹಾಸಿದ ಹಲಗೆ, ದಬ್ಬೆಗಳ ಮೇಲೆ ಕಾಯಿಯೊಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗೆ ಉಂಡೆ ಬಡಿಯುವ ಸದ್ದು ಕೇಳಿದರೆ ಅದು ಸಿದ್ಧವಾಗಿದೆ ಎಂದರ್ಥ. ಅನಂತರ ನೆಲಕ್ಕೆ ನೆಟ್ಟ ಕಬ್ಬಿಣದ ಚೂಪಿನಲ್ಲಿ ಸಿಪ್ಪೆ ಸುಲಿದು, ಚಿಪ್ಪನ್ನು ಒಡೆದು, ಉಂಡೆಯನ್ನು ಇಡಿಯಾಗಿ ಹೊರತೆಗೆದು, ಗಾತ್ರ ಹಾಗೂ ಗುಣಕ್ಕೆ ತಕ್ಕಂತೆ ವಿಂಗಡಿಸಿ ಚೀಲ ತುಂಬುತ್ತಾರೆ. ಚಿಪ್ಪು ಒಡೆಯುವಾಗ ಉಂಡೆ ಸೀಳಿದರೆ ಬೆಲೆ ಇಳಿಯುತ್ತದೆ. ಆದ್ದರಿಂದ ಇದು ಕೈಚಳಕದ ಕೆಲಸ. ಹಳ್ಳಿಗಳಲ್ಲಿ ಇದನ್ನು ಬಹುಪಾಲು ಹೆಣ್ಣುಮಕ್ಕಳು ಎಣಿಕೆಯ ಕೂಲಿಗೆ ಮಾಡುತ್ತಾರೆ.

ಅವಧಿ ಮತ್ತು ಸಾಮರ್ಥ್ಯ

ಇಷ್ಟನ್ನು ಓದಿದವರು, ಹನ್ನೆರಡು ತಿಂಗಳು ಹಿಡಿಯುವ ಅಟ್ಟವೇ ಈ ಕಸುಬಿನ ಇಕ್ಕಟ್ಟು ಎಂದು ತೀರ್ಮಾನಿಸುವುದು ಸಹಜ. ಇದು ಸಾಮಾನ್ಯವಾದ ತಪ್ಪು ಗ್ರಹಿಕೆ. ಒಂದು ಹಂತಕ್ಕೆ ತಗಲುವ ಅವಧಿಯೇ ಬೇರೆ, ಆ ಹಂತವು ತಿಂಗಳಿಗೆ ಎಷ್ಟು ಮಾಲನ್ನು ಹಾಯಿಸಬಲ್ಲದು ಎಂಬ ಸಾಮರ್ಥ್ಯವೇ ಬೇರೆ. ಇಕ್ಕಟ್ಟನ್ನು ನಿರ್ಧರಿಸುವುದು ಸಾಮರ್ಥ್ಯ.

ಇವೆರಡರ ಸಂಬಂಧವನ್ನು ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದರು. ಲಿಟ್ಲ್ ನಿಯಮವೆಂದು ಹೆಸರಾದ ಅದರ ಪ್ರಕಾರ, ಒಂದು ವ್ಯವಸ್ಥೆಯ ಒಳಗಿರುವ ವಸ್ತುಗಳ ಸರಾಸರಿ ಸಂಖ್ಯೆಯು, ಅವು ಹಾಯುವ ವೇಗವನ್ನು ಒಳಗಿರುವ ಸರಾಸರಿ ಅವಧಿಯಿಂದ ಗುಣಿಸಿದಷ್ಟಾಗಿರುತ್ತದೆ. 24,000 ಕಾಯಿ ಹಿಡಿಯುವ ಅಟ್ಟದಲ್ಲಿ ಪ್ರತಿ ಕಾಯಿಯೂ 12 ತಿಂಗಳು ಇರುವುದಾದರೆ ತಿಂಗಳಿಗೆ 2,000 ಕಾಯಿ ಹಾಯುತ್ತದೆ. ತೋಟದ ಫಸಲು ವರ್ಷಕ್ಕೆ 18,000 ಕಾಯಿ ಮಾತ್ರವಾಗಿದ್ದರೆ, ಒಣಗಲು ಎಷ್ಟು ಕಾಲ ಹಿಡಿದರೂ ಅಟ್ಟವು ಇಕ್ಕಟ್ಟಲ್ಲ. ಫಸಲು 30,000 ಆದರೆ ಅಟ್ಟವೇ ಇಕ್ಕಟ್ಟು, ಮತ್ತು 6,000 ಕಾಯಿಯನ್ನು ಆ ದಿನದ ಬೆಲೆಗೆ ಹಸಿಯಾಗಿಯೇ ಮಾರಬೇಕಾಗುತ್ತದೆ.

ಬೆಳೆಗಾರರು ಬೆಲೆಗಾಗಿ ಕಾಯುವ ಪದ್ಧತಿಯನ್ನೂ ಇದೇ ಲೆಕ್ಕದಿಂದ ನೋಡಬೇಕು. ವರ್ಷಕ್ಕೆ 24,000 ಕಾಯಿ ಬರುವ ಮನೆಯಲ್ಲಿ ಮೇಲಿನ ಅಟ್ಟ ಸರಿಯಾಗಿ ಸಾಲುತ್ತದೆ. ಕೊಬ್ಬರಿ ಸಿದ್ಧವಾದ ಮೇಲೂ ಬೆಲೆ ಏರಲೆಂದು ಮೂರು ತಿಂಗಳು ಹಾಗೆಯೇ ಬಿಟ್ಟರೆ ಅವಧಿ 15 ತಿಂಗಳಾಗುತ್ತದೆ, ತಿಂಗಳಿಗೆ ಹಾಯುವ ಪ್ರಮಾಣ 1,600ಕ್ಕೆ, ವರ್ಷದ ಪ್ರಮಾಣ 19,200ಕ್ಕೆ ಇಳಿಯುತ್ತದೆ. 4,800 ಕಾಯಿಗೆ ಜಾಗವಿಲ್ಲ. ಕಾಯ್ದಿದ್ದರಿಂದ ದೊರೆತ ಹೆಚ್ಚಿನ ಬೆಲೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಜಾಗವಿಲ್ಲದೆ ಹಸಿಯಾಗಿ ಹೋದ ಈ ಕಾಯಿಗಳ ನಷ್ಟವನ್ನು ಎದುರಿಗೆ ಬರೆಯುವವರು ವಿರಳ. ಅಟ್ಟ ಖಾಲಿಯಿರುವ ವರ್ಷ ಕಾಯುವುದಕ್ಕೆ ಈ ವೆಚ್ಚವಿಲ್ಲ, ತುಂಬಿರುವ ವರ್ಷ ಇದೆ. ಸಾಲ ತೀರಿಸುವ ತುರ್ತಿಗೆ ಕಾಯಲಾರದವರ ಸ್ಥಿತಿ ಇನ್ನೂ ಬೇರೆ. ಅವರ ಇಕ್ಕಟ್ಟು ಅಟ್ಟದ ಮೇಲಿಲ್ಲ, ಕೈಯಲ್ಲಿರುವ ಹಣದಲ್ಲಿದೆ.

ಇಕ್ಕಟ್ಟನ್ನು ಗುರುತಿಸುವುದು

ಕೆಲಸ ನಡೆಯುವ ಸ್ಥಳದಲ್ಲಿ ಒಂದೆರಡು ದಿನ ನಿಂತು ನೋಡುವುದೇ ಮೊದಲ ವಿಧಾನ. ಇಕ್ಕಟ್ಟಿನ ಹಿಂದೆ ಮಾಲಿನ ರಾಶಿ ಬೆಳೆಯುತ್ತದೆ, ಅದರ ಮುಂದಿನ ಹಂತದವರು ಆಗಾಗ ಕೈಕಟ್ಟಿ ಕೂರುತ್ತಾರೆ. ಆದರೆ ಪ್ರತಿಯೊಂದು ರಾಶಿಯೂ ಇಕ್ಕಟ್ಟಿನ ಗುರುತಲ್ಲ. ಮಾರುಕಟ್ಟೆಯ ದಿನಕ್ಕಾಗಿ ಕೂಡಿಟ್ಟ ಚೀಲಗಳು ಆ ದಿನ ಕರಗುತ್ತವೆ. ವಾರದಿಂದ ವಾರಕ್ಕೆ ಕರಗದೆ ಬೆಳೆಯುವ ರಾಶಿಯೇ ನಿಜವಾದ ಸೂಚನೆ. ಎಲ್ಲರೂ ಬಿಡುವಿಲ್ಲದೆ ದುಡಿಯುತ್ತಿರುವುದು ಏನನ್ನೂ ಸಾಬೀತುಪಡಿಸುವುದಿಲ್ಲ. ಮಾಲೀಕರ ಎದುರಿಗೆ ಯಾವ ಹಂತದವರೂ ಸುಮ್ಮನೆ ಕೂರುವುದಿಲ್ಲ.

ಅನಂತರ ಪ್ರತಿ ಹಂತದ ದಿನದ ಸಾಮರ್ಥ್ಯವನ್ನು ಒಂದೇ ಅಳತೆಯಲ್ಲಿ ಬರೆದುಕೊಳ್ಳಬೇಕು. ಲೆಕ್ಕಕ್ಕಾಗಿ, ಸುತ್ತಲ ಮನೆಗಳಿಂದ ಒಣಗಿದ ಕಾಯಿ ಕೊಂಡು ಕೊಬ್ಬರಿ ತೆಗೆದು ಮಾರುವ ಒಂದು ಕಲ್ಪಿತ ಘಟಕವನ್ನು ತೆಗೆದುಕೊಳ್ಳೋಣ. ದಿನಕ್ಕೆ ಸಾಗಣೆಯಲ್ಲಿ 4,000 ಕಾಯಿ, ಸುಲಿಯುವುದರಲ್ಲಿ 2,400, ಚಿಪ್ಪು ಬಿಡಿಸುವುದರಲ್ಲಿ 1,500, ವಿಂಗಡಿಸಿ ಚೀಲ ತುಂಬುವುದರಲ್ಲಿ 5,000 ಕಾಯಿಯ ಸಾಮರ್ಥ್ಯವಿದೆ. ಘಟಕದಿಂದ ಹೊರಹೋಗುವುದು 1,500 ಕಾಯಿಯ ಕೊಬ್ಬರಿ. ಸುಲಿದು ಬಿದ್ದ ಕಾಯಿಯ ರಾಶಿ ದಿನಕ್ಕೆ 900ರಂತೆ ಬೆಳೆಯುತ್ತದೆ.

ಈಗ ಮಾಲೀಕರು ಸಾಲ ತೆಗೆದು ದಿನಕ್ಕೆ 4,000 ಕಾಯಿ ಸುಲಿಯುವ ಯಂತ್ರ ತರುತ್ತಾರೆನ್ನೋಣ. ಸುಲಿಯುವ ಆಳು ಸಿಗುವುದಿಲ್ಲವೆಂಬ ದೂರು ಊರೆಲ್ಲ ಇರುವುದರಿಂದ ಇದು ಸರಿಯಾದ ನಿರ್ಧಾರವೆಂದೇ ತೋರುತ್ತದೆ. ಯಂತ್ರದ ಪಕ್ಕದ ರಾಶಿ ದಿನಕ್ಕೆ 2,500ರಂತೆ ಏರಿ ಆರು ದಿನಕ್ಕೆ 15,000 ತಲುಪುತ್ತದೆ. ಸಿಪ್ಪೆ ಕಳೆದ ಕಾಯಿಗೆ ಮಳೆಗಾಲದ ತೇವ ಬೇಗ ತಾಗುತ್ತದೆ. ಆ ರಾಶಿಯಲ್ಲಿ ಕಾಯಿ ಕೊಂಡ ಹಣವೂ ಸಿಕ್ಕಿಬಿದ್ದಿರುತ್ತದೆ. ಹೊರಹೋಗುವುದು ಮಾತ್ರ ಮೊದಲಿನಂತೆ 1,500. ಸಾಲದ ಕಂತು ಹೊಸದಾಗಿ ಸೇರಿಕೊಂಡಿದೆ.

ಸರಿಪಡಿಸುವ ಕ್ರಮ

ಮೇಲಿನ ಘಟಕದಲ್ಲಿ ಚಿಪ್ಪು ಬಿಡಿಸುವವರ ದಿನವನ್ನು ಹತ್ತಿರದಿಂದ ನೋಡಿದರೆ, ಎಂಟು ಗಂಟೆಗಳಲ್ಲಿ ಎರಡು ಗಂಟೆ ಕಾಯಿ ತರುವುದಕ್ಕೂ ಚಿಪ್ಪು ಬಾಚಿ ಹೊರಹಾಕುವುದಕ್ಕೂ ಹೋಗುತ್ತಿರಬಹುದು. ಆರು ಗಂಟೆಯಲ್ಲಿ 1,500 ಎಂದರೆ ಗಂಟೆಗೆ 250 ಕಾಯಿ. ತಂದುಕೊಡುವ ಕೆಲಸಕ್ಕೆ ಮತ್ತೊಬ್ಬರನ್ನು ನೇಮಿಸಿದರೆ ಅದೇ ಕೈಗಳಿಂದ 2,000 ಕಾಯಿ ಆಗುತ್ತದೆ. ಎಂಟು ಕಾಯಿಗೆ ಒಂದು ಕಿಲೋ ಕೊಬ್ಬರಿ ಎಂದು ಹಿಡಿದು, 2025ರ ಹಂಗಾಮಿನ ಬೆಂಬಲ ಬೆಲೆಯಾದ ಕ್ವಿಂಟಾಲಿಗೆ 12,100 ರೂಪಾಯಿಯಂತೆ ಲೆಕ್ಕ ಹಾಕಿದರೆ, ಇಕ್ಕಟ್ಟಿನಲ್ಲಿ ಕಳೆದುಹೋದ ಒಂದು ಗಂಟೆಯ ಮಾಲಿನ ಬೆಲೆ ಸುಮಾರು 3,780 ರೂಪಾಯಿ. ಕಾಯಿ ಕೊಂಡ ಹಣವನ್ನು ಇದರಲ್ಲಿ ಕಳೆದರೆ ಉಳಿಯುವುದೇ ನಿಜವಾದ ನಷ್ಟ. ಇದೇ ಒಂದು ಗಂಟೆ ಚೀಲ ತುಂಬುವಲ್ಲಿ ವ್ಯರ್ಥವಾದರೆ ನಷ್ಟವೇನೂ ಇಲ್ಲ. ಎಲ್ಲ ಹಂತಗಳ ಸಮಯಕ್ಕೂ ಒಂದೇ ಬೆಲೆ ಕಟ್ಟುವ ವಾಡಿಕೆಯ ಲೆಕ್ಕಪತ್ರದಲ್ಲಿ ಈ ವ್ಯತ್ಯಾಸ ಕಾಣಿಸುವುದಿಲ್ಲ.

ಗುಣ ಪರೀಕ್ಷೆಯನ್ನು ಇಕ್ಕಟ್ಟಿನ ಹಿಂದಕ್ಕೆ ತರುವುದು ಮತ್ತೊಂದು ಕ್ರಮ. ಸರಿಯಾಗಿ ಒಣಗದ ಕಾಯಿ ಚಿಪ್ಪು ಒಡೆದ ಮೇಲೆ ಗೊತ್ತಾದರೆ ಆ ಕಾಯಿಯೂ ಕೆಟ್ಟಿತು, ಒಡೆದ ಸಮಯವೂ ಹೋಯಿತು. ನೂರಕ್ಕೆ ಹತ್ತು ಇಂತಹವಿದ್ದರೆ 1,500ರಲ್ಲಿ 150 ಕಾಯಿಯ ದುಡಿಮೆ ವ್ಯರ್ಥ. ಅಟ್ಟದಿಂದ ಇಳಿಸುವಾಗಲೇ ಅಲುಗಿಸಿ ಸದ್ದು ಕೇಳಿ, ಸದ್ದು ಬಾರದ್ದನ್ನು ಅಲ್ಲಿಯೇ ಬಿಡುವ ಹಿರಿಯರ ಪದ್ಧತಿಯು ಈ ದೃಷ್ಟಿಯಿಂದ ಅತ್ಯಂತ ಸಮರ್ಪಕವಾದುದು. ಅವಸರದಲ್ಲಿ ಲಾರಿಗೆ ತುಂಬುವಾಗ ಮೊದಲು ಕೈಬಿಡುವುದೂ ಇದನ್ನೇ.

ಯಾವ ಕಾಯಿಯನ್ನು ಮೊದಲು ಒಡೆಯಬೇಕೆಂಬುದೂ ಇಲ್ಲಿ ಮುಖ್ಯ. ದೊಡ್ಡ ಕಾಯಿಗೂ ಸಣ್ಣ ಕಾಯಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಹಿಡಿಯುತ್ತದೆ. ಕಿಲೋಗೆ ಎಂಟು ತೂಗುವ ಕಾಯಿಯಿಂದ ಗಂಟೆಗೆ ಸುಮಾರು 31 ಕಿಲೋ ಬಂದರೆ, ಹನ್ನೆರಡು ತೂಗುವ ಕಾಯಿಯಿಂದ ಬರುವುದು ಸುಮಾರು 21 ಕಿಲೋ. ಕೈಗಳು ಸಾಲದ ಹಂಗಾಮಿನಲ್ಲಿ ದೊಡ್ಡ ಕಾಯಿಗೆ ಆದ್ಯತೆ ಕೊಡುವುದು ಲಾಭಕರ.

ಸುಲಿಯುವವರನ್ನು ಚಿಪ್ಪು ಬಿಡಿಸುವವರ ವೇಗಕ್ಕೆ ಹೊಂದಿಸಿ, ಒಂದೆರಡು ದಿನಕ್ಕೆ ಸಾಕಾಗುವಷ್ಟು ಕಾಯಿಯನ್ನು ಮಾತ್ರ ಮುಂಚಿತವಾಗಿ ಸುಲಿಸಬೇಕು. ಆಳು ಸಿಕ್ಕ ದಿನ ಇದ್ದಬದ್ದ ಕಾಯಿಯನ್ನೆಲ್ಲ ಸುಲಿಸಿಬಿಡುವ ಅಭ್ಯಾಸಕ್ಕೆ ಇದು ವಿರುದ್ಧ. ಇಷ್ಟಾದ ಮೇಲೂ ಬೇಡಿಕೆ ಉಳಿದಿದ್ದರೆ ಚಿಪ್ಪು ಬಿಡಿಸಲು ಇನ್ನೂ ಕೆಲವರನ್ನು ಸೇರಿಸಿಕೊಳ್ಳಬಹುದು. ಆ ಸಾಮರ್ಥ್ಯ 2,400 ದಾಟಿದ ದಿನ ಇಕ್ಕಟ್ಟು ಸುಲಿಯುವಲ್ಲಿಗೆ ಸರಿಯುತ್ತದೆ. ಸುಲಿಯುವ ಯಂತ್ರಕ್ಕೆ ಅರ್ಥ ಬರುವುದು ಆಗ.

ಸಹಾಯಧನ ಯೋಜನೆಗಳನ್ನೂ ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ (ಪಿಎಂಎಫ್‌ಎಂಇ) ತುಮಕೂರು ಜಿಲ್ಲೆಗೆ ತೆಂಗಿನ ಉತ್ಪನ್ನಗಳನ್ನು ಆರಿಸಲಾಗಿದೆ. ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದ್ದು, ಕರ್ನಾಟಕ ಸರ್ಕಾರವು ಇದಕ್ಕೆ ಶೇ 15ನ್ನು ಸೇರಿಸುತ್ತದೆ. ಉಪಯುಕ್ತವಾದ ಯೋಜನೆ. ಆದರೆ ಸಹಾಯಧನ ದೊರೆಯುವುದು ಹೆಚ್ಚಾಗಿ ಯಂತ್ರಕ್ಕೆ. ಕಾಯಿ ತಂದುಕೊಡುವ ಒಬ್ಬ ಆಳಿನ ಕೂಲಿಗೆ ದೊರೆಯುವುದಿಲ್ಲ. ಅರ್ಧ ಬೆಲೆಗೆ ಸಿಕ್ಕಿತೆಂದು ಇಕ್ಕಟ್ಟಿಲ್ಲದ ಹಂತಕ್ಕೆ ತಂದ ಯಂತ್ರದ ಉಳಿದರ್ಧ ಸಾಲ ಮಾಲೀಕರದ್ದೇ.

ಇತರ ನಿದರ್ಶನಗಳು

ತಿಪಟೂರು ಸುತ್ತಮುತ್ತಲ ತೆಂಗಿನಪುಡಿ ಘಟಕಗಳಲ್ಲಿ ತುರಿಯುವ, ಒಣಗಿಸುವ, ಜರಡಿ ಹಿಡಿಯುವ ಕೆಲಸ ಯಂತ್ರಗಳಿಂದ ನಡೆದರೂ, ತಿರುಳಿನ ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆಯುವುದು ಬಹಳ ಕಡೆ ಕೈಕೆಲಸವಾಗಿಯೇ ಉಳಿದಿದೆ. ಹಬ್ಬ, ಜಾತ್ರೆ, ರಾಗಿ ಕೊಯ್ಲಿನ ದಿನಗಳಲ್ಲಿ ಹೆರೆಯುವವರು ಬಾರದಿದ್ದರೆ ಡ್ರೈಯರ್ ತಣ್ಣಗೆ ನಿಲ್ಲುತ್ತದೆ. ಸಣ್ಣ ಹೋಟೆಲಿನಲ್ಲಿ ಬೆಳಗಿನ ಎರಡು ಗಂಟೆ ದೋಸೆಯ ಕಾವಲಿಯೇ ಇಕ್ಕಟ್ಟು. ಮೇಜುಗಳನ್ನು ಹೆಚ್ಚಿಸಿದರೆ ಕಾಯುವ ಗಿರಾಕಿಗಳು ಕುಳಿತು ಕಾಯುತ್ತಾರೆ, ಅಷ್ಟೇ. ದರ್ಜಿ ಅಂಗಡಿಯಲ್ಲಿ ಹಲವು ಹೊಲಿಗೆ ಯಂತ್ರಗಳಿದ್ದರೂ ಬಟ್ಟೆ ಕತ್ತರಿಸುವವರು ಒಬ್ಬರೇ ಇರುವುದುಂಟು.

ಅನೇಕ ಸಣ್ಣ ಉದ್ಯಮಗಳಲ್ಲಿ ಮಾಲೀಕರೇ ಇಕ್ಕಟ್ಟಾಗಿರುತ್ತಾರೆ. ಬೆಲೆ ಹೇಳುವುದು, ಚೆಕ್ಕಿಗೆ ಸಹಿ ಹಾಕುವುದು, ಬೀಗದ ಕೈ ಕೊಡುವುದು ಎಲ್ಲವೂ ಒಬ್ಬರಿಂದಲೇ ಆಗಬೇಕೆಂದಿದ್ದರೆ, ಅವರು ಮದುವೆಗೆ ಹೋದ ದಿನ ಕೆಲಸ ನಿಲ್ಲುತ್ತದೆ. ಇದನ್ನು ಗುರುತಿಸುವುದು ಉಳಿದೆಲ್ಲಕ್ಕಿಂತ ಕಷ್ಟ, ಏಕೆಂದರೆ ಹುಡುಕುವವರೂ ಅವರೇ.

ಉದ್ಯಮದ ಹೊರಗಿನ ಇಕ್ಕಟ್ಟು

ಇಕ್ಕಟ್ಟು ಯಾವಾಗಲೂ ಘಟಕದ ಒಳಗೇ ಇರಬೇಕೆಂದಿಲ್ಲ. ತಿಪಟೂರು ಮಾರುಕಟ್ಟೆಯ ಈಚಿನ ವರ್ಷಗಳು ಇದಕ್ಕೆ ಒಳ್ಳೆಯ ಉದಾಹರಣೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಮನೆಗಳಲ್ಲಿ ಕೊಬ್ಬರಿಯಿತ್ತು, ಕೊಳ್ಳುವ ಬೆಲೆಯಿರಲಿಲ್ಲ. ಇಕ್ಕಟ್ಟು ಮಾರಾಟದಲ್ಲಿತ್ತು. 2024ರಲ್ಲಿ 12,000 ರೂಪಾಯಿಯ ಬೆಂಬಲ ಬೆಲೆಗೆ ರಾಜ್ಯ ಸರ್ಕಾರ 1,500 ರೂಪಾಯಿ ಸೇರಿಸಿ, ನಾಫೆಡ್ ಮೂಲಕ ಖರೀದಿಗೆ ವ್ಯವಸ್ಥೆಯಾದಾಗ, ಇಕ್ಕಟ್ಟು ನೋಂದಣಿ ಕೇಂದ್ರದ ಕಿಟಕಿಗೆ ಸರಿಯಿತು. ರೈತರು ಸರದಿಯಲ್ಲಿ ಕಾದರು, ಮೊದಲ ನೋಂದಣಿ ರದ್ದಾಗಿ ಮಾರ್ಚ್‌ನಲ್ಲಿ ಮತ್ತೊಮ್ಮೆ ನಡೆಯಿತು. ಅಟ್ಟವನ್ನು ಎಷ್ಟು ಸುಧಾರಿಸಿದ್ದರೂ ಆ ತಿಂಗಳುಗಳಲ್ಲಿ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ. 2025ರ ಮಧ್ಯಭಾಗದಲ್ಲಿ ಬೆಲೆಯು ಬೆಂಬಲ ಬೆಲೆಯ ಎರಡರಷ್ಟನ್ನು ದಾಟಿತು. ಆಗ ಕಾಯಿಯೇ ಸಿಗದಂತಾಗಿ, ಕಾಯಿ ಕೊಂಡು ನಡೆಸುವ ಘಟಕಗಳಿಗೆ ಕಚ್ಚಾಮಾಲೇ ಇಕ್ಕಟ್ಟಾಯಿತು. ಎಳನೀರಿಗೆ ಬೇಡಿಕೆ ಹೆಚ್ಚಿದಷ್ಟೂ ಬಲಿಯಲು ಮರದಲ್ಲಿ ಉಳಿಯುವ ಕಾಯಿ ಕಡಿಮೆಯಾಗುತ್ತದೆ.

ತೋಟದ ತೊಂದರೆಯೂ ಘಟಕದ ಇಕ್ಕಟ್ಟನ್ನು ಬದಲಿಸಬಲ್ಲದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿದ ನುಸಿಪೀಡೆಯಿಂದ ಕಾಯಿಯ ಗಾತ್ರ ಕುಗ್ಗಿದ್ದಲ್ಲದೆ, ಸಿಪ್ಪೆ ಬಿಗಿದು ಸುಲಿಯುವುದೂ ಕಷ್ಟವಾಯಿತು. ಆಳು ಅಷ್ಟೇ, ಚೂಪು ಅದೇ, ಆದರೆ ಸುಲಿಯುವ ಸಾಮರ್ಥ್ಯ ತಾನಾಗಿ ಇಳಿಯಿತು.

ಮಾರಿದ ಮಾಲಿನ ಹಣ ತಡವಾಗಿ ಬರುವುದು ಇನ್ನೊಂದು ಬಗೆಯ ಇಕ್ಕಟ್ಟು. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ತಯಾರಿಕಾ ಘಟಕಗಳಿಗೆ ಖರೀದಿದಾರರು ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ತಪ್ಪಿದರೆ ಬಡ್ಡಿ ಕೊಡಬೇಕಾಗುತ್ತದೆ.

ಮಿತಿಗಳು ಮತ್ತು ಟೀಕೆ

ಗೋಲ್ಡ್‌ರಾಟ್ ಸಿದ್ಧಾಂತದಲ್ಲಿ ಹೊಸದೇನೂ ಇಲ್ಲವೆಂಬ ಟೀಕೆಯಿದೆ. ಸೀಮಿತ ಸಂಪನ್ಮೂಲದ ಒಂದು ಘಟಕದ ಬೆಲೆಯನ್ನು ಕಂಡುಹಿಡಿಯುವ ಗಣಿತವು, 1947ರಲ್ಲಿ ಜಾರ್ಜ್ ಡಾಂಟ್ಸಿಗ್ ರೂಪಿಸಿದ ವಿಧಾನದ ಕಾಲದಿಂದ ಲೀನಿಯರ್ ಪ್ರೋಗ್ರಾಮಿಂಗ್ ಹೆಸರಿನಲ್ಲಿ ಬೆಳೆದುಬಂದಿದೆ. ಒಂದಕ್ಕಿಂತ ಹೆಚ್ಚು ಇಕ್ಕಟ್ಟುಗಳಿರುವ, ಹಲವು ಬಗೆಯ ಮಾಲು ತಯಾರಿಸುವ ಘಟಕಗಳಲ್ಲಿ ಐದು ಹೆಜ್ಜೆಗಳ ಸರಳ ಕ್ರಮ ತಪ್ಪು ಉತ್ತರ ಕೊಡಬಹುದು. ಇಕ್ಕಟ್ಟು ವಾರಕ್ಕೊಮ್ಮೆ ಜಾಗ ಬದಲಿಸುವಷ್ಟು ಸಾಮರ್ಥ್ಯಗಳು ಸಮೀಪದಲ್ಲಿದ್ದರೆ ಅದರ ಬೆನ್ನುಹತ್ತುವುದೇ ಒಂದು ಕೆಲಸವಾಗುತ್ತದೆ.

ಸಣ್ಣ ಉದ್ಯಮಕ್ಕೆ ಸಂಬಂಧಿಸಿದಂತೆ ಹೆಚ್ಚು ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಇಲ್ಲಿ ಇಕ್ಕಟ್ಟು ಎಂದು ಕರೆಯುವ ಹಂತದಲ್ಲಿ ಕುಳಿತಿರುವುದು ಹೆಚ್ಚಾಗಿ ಯಂತ್ರವಲ್ಲ, ಮನುಷ್ಯರು. ಇರುವ ಸಾಮರ್ಥ್ಯವನ್ನು ಪೂರ್ಣವಾಗಿ ಬಳಸುವುದೆಂಬ ಎರಡನೆಯ ಹೆಜ್ಜೆಯನ್ನು, ಚಿಪ್ಪು ಬಿಡಿಸುವವರ ವಿರಾಮವನ್ನು ಕತ್ತರಿಸುವುದೆಂದು ಅರ್ಥಮಾಡಿದವರಿದ್ದಾರೆ. ದಣಿದ ಕೈಯಲ್ಲಿ ಉಂಡೆ ಹೆಚ್ಚು ಸೀಳುತ್ತದೆ, ಕೈಗೂ ಗಾಯವಾಗುತ್ತದೆ. ಕಾಯಿಯನ್ನು ಹತ್ತಿರಕ್ಕೆ ತಂದುಕೊಡುವುದು, ಕೂರುವ ಜಾಗಕ್ಕೆ ನೆರಳು ಮಾಡುವುದು, ಹತಾರವನ್ನು ಹರಿತವಾಗಿಡುವುದು ಈ ಹೆಜ್ಜೆಯ ಸರಿಯಾದ ರೂಪ. ಎಣಿಕೆಯ ಕೂಲಿ ಇರುವೆಡೆ 1,500ರಿಂದ 2,000ಕ್ಕೆ ಏರಿದ ದುಡಿಮೆಯ ಪಾಲು ದುಡಿದವರಿಗೂ ತಾನಾಗಿ ಸೇರುತ್ತದೆ. ದಿನಗೂಲಿ ಇರುವೆಡೆ ಹಾಗೆ ಸೇರುವುದಿಲ್ಲ, ಮಾಲೀಕರೇ ಮನಸ್ಸು ಮಾಡಿ ಕೊಡಬೇಕಾಗುತ್ತದೆ.